ತೊಗಲಿನ ಕಾರ್ಖಾನೆಯೂ ಊರ ಬಾವಿಯೂ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಕದಂಬರು, ಚಾಲುಕ್ಯರು, ಹೊಯ್ಸಳರು ಇವರ ಕೀರ್ತಿಯನ್ನು ನೆನೆಯುವುದು ವಾಡಿಕೆ. ಅದು ತಕ್ಕದ್ದೇ. ಆದರೆ ಚರಿತ್ರೆಯೆಂಬುದು ಅರಮನೆಗೂ ದಂಡಿಗೂ ಮಾತ್ರ ಸೇರಿದ ಸೊತ್ತಲ್ಲ. ಕಾರ್ಖಾನೆಗೂ ಚರಿತ್ರೆಯುಂಟು, ಅದರ ಹಿಂದೆ ಹರಿಯುವ ಮೋರಿಗೂ ಚರಿತ್ರೆಯುಂಟು. ನಾವು ಹೊಟ್ಟೆಯ ಪಾಡಿಗೆಂದು ಬಂದು ನೆಲೆಸಿ, ಇದೇ ನಮ್ಮ ಊರೆಂದು ಭಾವಿಸಿರುವ ಈ ಚೆನ್ನೈ ನಗರ ದುಡಿಮೆಗಾರರ ನಗರ. ಈ ಊರಿನ ದುಡಿಮೆಯ ಕಥೆಯಲ್ಲಿ ಕನ್ನಡ ನಾಡಿಗೆ ಸಂಬಂಧಪಟ್ಟ ಎಳೆಗಳು ಕೆಲವಿವೆ. ಅವುಗಳಲ್ಲಿ ಒಂದನ್ನು ಓದುಗರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಈಚೆಗೆ ದೊಡ್ಡ ದೊಡ್ಡ ಕಚೇರಿಗಳಲ್ಲಿ ‘ಪರಿಸರಸ್ನೇಹಿ ಮಾನವ ಸಂಪನ್ಮೂಲ ನಿರ್ವಹಣೆ’ ಎಂಬ ಮಾತು ಕೇಳಿಬರುತ್ತಿದೆ. ಮಾತು ಭಾರವಾಗಿದ್ದರೂ ಅರ್ಥ ಸುಲಭ. ಕೆಲಸಗಾರರನ್ನು ನೇಮಿಸುವುದು, ಅವರಿಗೆ ತರಬೇತಿ ಕೊಡುವುದು, ಸಂಬಳ ಬಡ್ತಿಗಳನ್ನು ಗೊತ್ತುಮಾಡುವುದು, ಅವರ ಕ್ಷೇಮವನ್ನು ನೋಡುವುದು, ಇವೆಲ್ಲವನ್ನೂ ನೆಲ ಜಲ ಗಾಳಿಗಳು ಕೆಡದಂತೆ ನಡೆಸಬೇಕೆಂಬುದೇ ಅದರ ತಾತ್ಪರ್ಯ. ಹೆಸರು ಹೊಸದು, ವಿಷಯ ಹಳೆಯದು. ಕೆಲಸಗಾರನನ್ನು ಕಡೆಗಣಿಸಿದ ಕಾರ್ಖಾನೆ ಊರ ನೀರನ್ನು ಉಳಿಸಿದ್ದನ್ನು ನಾವು ಕಾಣೆವು. ಊರ ನೀರನ್ನು ಕೆಡಿಸಿದ ಕಾರ್ಖಾನೆ ಕಡೆಗೆ ತನ್ನ ಕೆಲಸಗಾರನಿಗೂ ಕೇಡನ್ನೇ ತಂದಿದೆ. ಇದಕ್ಕೆ ಮದರಾಸಿನ ತೊಗಲು ವ್ಯಾಪಾರದಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ.

ಹಸಿ ತೊಗಲನ್ನು ಹದಮಾಡುವ ಕಸುಬು ದಕ್ಷಿಣ ದೇಶದಲ್ಲಿ ಬಹು ಪ್ರಾಚೀನವಾದುದು. ಉಪ್ಪು ಹಾಕಿ ತಂದ ತೊಗಲನ್ನು ನೀರಿನಲ್ಲಿ ನೆನೆಹಾಕಿ, ಸುಣ್ಣದ ಹೊಂಡದಲ್ಲಿಟ್ಟು, ಕೂದಲನ್ನೂ ಅಂಟಿದ ಮಾಂಸವನ್ನೂ ಹೆರೆದು ತೆಗೆದು, ಮತ್ತೆ ತೊಳೆದು, ತೊಗಟೆಯ ರಸದಲ್ಲಿ ವಾರಗಟ್ಟಲೆ ಊರಿಸಬೇಕು. ತಮಿಳರು ಆವಾರಂ ಎನ್ನುವ, ನಮ್ಮ ಬಯಲುಸೀಮೆಯವರು ತಂಗಡಿ ಎನ್ನುವ ಹಳದಿ ಹೂವಿನ ಗಿಡದ ತೊಗಟೆ ಇದಕ್ಕೆ ಮುಖ್ಯ ಸಾಧನ. ಅಳಲೆಕಾಯಿಯೂ ಬಳಕೆಯಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೀಗೆ ಹದಗೊಂಡ ತೊಗಲು ಮದರಾಸು ಬಂದರಿನಿಂದ ಹಡಗೇರಿ ಲಂಡನ್ನಿನ ಮಾರುಕಟ್ಟೆಯನ್ನು ಸೇರುತ್ತಿತ್ತು.

ವ್ಯಾಪಾರದಿಂದ ವರ್ತಕನಿಗೆ ಹಣ ಬಂತು, ಬಂದರಿಗೆ ಸುಂಕ ಬಂತು. ಹೊಂಡದಲ್ಲಿ ಮೊಳಕಾಲುದ್ದ ಸುಣ್ಣದ ನೀರಿನಲ್ಲಿ ನಿಂತವನಿಗೆ ಬಂದದ್ದು ಸವೆದ ಚರ್ಮ, ಒಡೆದ ಕೈಕಾಲು. ಅವನ ಕೇರಿ ಊರ ಹೊರಗೆ. ಹೊಂಡದ ಕೊಳೆನೀರು ಹರಿಯುವುದೂ ಊರ ಹೊರಗೆ. ಎಂದಮೇಲೆ ಆ ನೀರು ಮೊದಲು ಸೇರುತ್ತಿದ್ದುದು ಯಾರ ಬಾವಿಯನ್ನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಗಲನ್ನು ಮುಟ್ಟಲು ಅಂಜದ ಸಮಾಜ, ತೊಗಲಿನ ಕೆಲಸಗಾರನನ್ನು ಮುಟ್ಟಲು ಅಂಜಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯ ಇಂಥವರನ್ನು ಶರಣರೆಂದು ಗೌರವಿಸಿದ ಪರಂಪರೆ ನಮ್ಮದು. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಸಾರಿದ ಆ ತತ್ತ್ವವನ್ನು ಭಾಷಣಗಳಲ್ಲಿ ಹೊಗಳುವ ನಾವು, ಕಾಯಕ ಮಾಡುವವನ ಕಾಲ ಕೆಳಗಿನ ನೀರು ಎಂಥದೆಂಬುದನ್ನು ವಿಚಾರಿಸುವುದು ಕಡಮೆ.

ಈ ಹಳೆಯ ಕಸುಬಿಗೆ ಹೊಸ ರೂಪ ಕೊಟ್ಟವರು ಆಲ್ಫ್ರೆಡ್ ಚಾಟರ್ಟನ್ ಎಂಬ ಆಂಗ್ಲ ವಿದ್ವಾಂಸರು. 1888ರಲ್ಲಿ ಮದರಾಸಿನ ಎಂಜಿನಿಯರಿಂಗ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದ ಇವರು, 1898ರಲ್ಲಿ ಇಲ್ಲಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಮ್ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. 1903ರ ಸುಮಾರಿಗೆ ಅವರ ಗಮನ ಕ್ರೋಮ್ ಲವಣದಿಂದ ತೊಗಲನ್ನು ಹದಮಾಡುವ ಕ್ರಮದ ಕಡೆಗೆ ತಿರುಗಿತು. ತೊಗಟೆಯ ರಸಕ್ಕೆ ವಾರಗಳು ಬೇಕಾದರೆ ಕ್ರೋಮಿಗೆ ಒಂದೆರಡು ದಿನ ಸಾಕು. ಅಂಥ ಚರ್ಮ ನೀರಿಗೆ ಬೇಗ ಕೊಳೆಯುವುದೂ ಇಲ್ಲ. ರೈತರು ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲಿನ ಚೀಲಕ್ಕೆ ಇದು ಬಹು ಯೋಗ್ಯವೆಂದು ಚಾಟರ್ಟನ್ನರು ಪ್ರಚಾರ ಮಾಡಿದರು. ಸರ್ಕಾರವೇ ಕಾರ್ಖಾನೆ ನಡೆಸುವುದು ಇಲ್ಲಿನ ಯೂರೋಪಿಯನ್ ವರ್ತಕರಿಗೆ ಸಹಿಸಲಿಲ್ಲ. 1910ರಲ್ಲಿ ಭಾರತಮಂತ್ರಿ ಲಾರ್ಡ್ ಮಾರ್ಲಿಯ ಆಜ್ಞೆ ಬಂದು ಸರ್ಕಾರ ಆ ಉದ್ಯಮವನ್ನು ಕೈಬಿಟ್ಟಿತು.

ಮದರಾಸು ಬೇಡವೆಂದ ಮನುಷ್ಯನನ್ನು ಮೈಸೂರು ಬರಮಾಡಿಕೊಂಡಿತು. 1912ರಲ್ಲಿ ಚಾಟರ್ಟನ್ನರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಅದೇ ವರ್ಷ ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾದರು. ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಚಾಟರ್ಟನ್ನರು ಮಾಡಿದ ಕೆಲಸಗಳಲ್ಲಿ 1916ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಗಂಧದೆಣ್ಣೆಯ ಕಾರ್ಖಾನೆಗೆ ನೆರವಾದದ್ದೂ ಒಂದು. ಒಂದೇ ತಲೆಯ ಯೋಜನೆಗಳಿಂದ ಒಂದು ಊರಿಗೆ ಗಂಧದ ಪರಿಮಳ, ಮತ್ತೊಂದು ಊರಿಗೆ ತೊಗಲಿನ ವಾಸನೆ ಬಂದುವೆಂದು ಹಾಸ್ಯಕ್ಕೆ ಹೇಳಬಹುದು. ಆದರೆ ಮದರಾಸಿನ ಪಾಲಿಗೆ ಬಂದುದು ವಾಸನೆಯಷ್ಟೇ ಅಲ್ಲ.

ಸರ್ಕಾರ ಬಿಟ್ಟ ಕ್ರೋಮ್ ವಿದ್ಯೆಯನ್ನು ಖಾಸಗಿಯವರು ಹಿಡಿದರು. ಪಲ್ಲಾವರದ ಬಳಿ ಚೇಂಬರ್ಸ್ ಎಂಬ ಉದ್ಯಮಿ ಕ್ರೋಮ್ ಲೆದರ್ ಕಂಪೆನಿಯನ್ನು ಕಟ್ಟಿದರು. ಆ ಕಂಪೆನಿಯಿಂದಲೇ ಸುತ್ತಲ ಪ್ರದೇಶಕ್ಕೆ ಕ್ರೋಮ್‌ಪೇಟೆ ಎಂಬ ಹೆಸರು ನಿಂತಿತು. ತಾಂಬರದ ಕಡೆಗೆ ಹೋಗುವ ವಿದ್ಯುತ್ ರೈಲಿನಲ್ಲಿ ದಿನಾಲು ಆ ನಿಲ್ದಾಣವನ್ನು ದಾಟುವ ನಮ್ಮವರಲ್ಲಿ ಎಷ್ಟು ಮಂದಿಗೆ ಒಂದು ರಾಸಾಯನಿಕ ದ್ರವ್ಯದ ಹೆಸರಿನ ಪೇಟೆಯಿದೆಂಬುದು ಹೊಳೆದೀತು? ಇಲ್ಲಿ ಓದುಗರು ಗಮನಿಸತಕ್ಕ ಸಂಗತಿಯೊಂದಿದೆ. ಸಾಮಾನ್ಯ ಕ್ರಮದಲ್ಲಿ ತೊಗಲು ಹೀರುವುದು ಹಾಕಿದ ಕ್ರೋಮಿನಲ್ಲಿ ನೂರಕ್ಕೆ 60ರಿಂದ 70 ಪಾಲು ಮಾತ್ರ. ಮಿಕ್ಕದ್ದು ಉಪ್ಪು, ಸುಣ್ಣ, ಸಲ್ಫೈಡುಗಳೊಡನೆ ನೀರು ಪಾಲಾಗುತ್ತದೆ. ಕಪಿಲೆಯ ಚೀಲವಾಗಿ ಬಾವಿಯ ನೀರನ್ನು ಮೇಲೆತ್ತಲೆಂದು ಬಂದ ಚರ್ಮವೇ ಕಾಲಕ್ರಮದಲ್ಲಿ ಬಾವಿಯ ನೀರಿಗೆ ಮೃತ್ಯುವಾದುದು ಹೀಗೆ.

ಇದಕ್ಕೆ ತಡೆ ಎಲ್ಲಿಂದ ಬರಬೇಕಾಗಿತ್ತು? ಕೆಲಸದ ಸ್ಥಳದ ಒಳಗಿನಿಂದಲೇ. ಒಳಗಿನವರಿಗೆ ಬಾಯಿ ಬಂದ ಕಥೆಯೂ ಈ ಊರಿನದೇ, ಆದರೆ ಅದು ತೊಗಲಿನ ಕಾರ್ಖಾನೆಯದಲ್ಲ, ಬಟ್ಟೆಯ ಗಿರಣಿಯದು. ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು ಬಿನ್ನಿ ಕಂಪೆನಿಯ ಆಡಳಿತದಲ್ಲಿದ್ದುವು. ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯೂ ಅದೇ ಆಡಳಿತಕ್ಕೆ ಸೇರಿದ್ದು. ‘ಬಿನ್ನಿ ಮಿಲ್ಲು’ ಎಂಬ ಹೆಸರು ಬೆಂಗಳೂರಿನ ಹಳಬರಿಗೆಲ್ಲ ಪರಿಚಿತ. ಪೆರಂಬೂರಿನ ಕೆಲಸಗಾರರ ದೂರುಗಳಲ್ಲಿ ಮುಖ್ಯವಾದುದೊಂದು ಬಹು ಸಣ್ಣದಾಗಿ ಕಾಣುವಂಥದು. ಮಧ್ಯಾಹ್ನದ ಊಟಕ್ಕೆ ಕೊಡುವ ಅರ್ಧ ಗಂಟೆ ಸಾಲದು ಎಂಬುದು. ನೂಲು ಕಡಿಯದಿರಲೆಂದು ತೇವವನ್ನು ತುಂಬಿದ ಕೋಣೆ, ಹತ್ತಿಯ ಧೂಳು, ಯಂತ್ರದ ಕಾವು, ಇವುಗಳಿಂದ ಹೊರಬಂದು ಕೈತೊಳೆದು ಉಣ್ಣುವಷ್ಟರಲ್ಲಿ ಸೀಟಿ ಊದುತ್ತಿತ್ತು. ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯುಡು ಇವರ ಪ್ರಯತ್ನದಿಂದ 1918ರ ಏಪ್ರಿಲ್ 27ರಂದು ಮದರಾಸು ಕಾರ್ಮಿಕ ಸಂಘ ಸ್ಥಾಪಿತವಾಯಿತು. ಬಿ. ಪಿ. ವಾಡಿಯಾ ಅಧ್ಯಕ್ಷರಾದರು, ತಮಿಳಿನ ಹಿರಿಯ ಸಾಹಿತಿ ತಿರು. ವಿ. ಕಲ್ಯಾಣಸುಂದರರು ಜೊತೆಯಾದರು. ಭಾರತದಲ್ಲಿ ಕ್ರಮಬದ್ಧವಾಗಿ ನಡೆದ ಮೊಟ್ಟಮೊದಲ ಕಾರ್ಮಿಕ ಸಂಘವೆಂದು ಇದನ್ನು ಚರಿತ್ರಕಾರರು ಎಣಿಸುತ್ತಾರೆ. ತರುವಾಯ ಬೀಗಮುದ್ರೆ, ಮುಷ್ಕರ, 1920ರ ಡಿಸೆಂಬರಿನಲ್ಲಿ ಗೋಲೀಬಾರು, ನ್ಯಾಯಾಲಯದ ತಡೆಯಾಜ್ಞೆ ಎಲ್ಲವೂ ಆದುವು. ಆ ವ್ಯಾಜ್ಯದ ಬಿಸಿಯೇ 1926ರ ಕಾರ್ಮಿಕ ಸಂಘಗಳ ಕಾಯಿದೆಗೆ ಒಂದು ಕಾರಣವಾಯಿತು.

ಊಟದ ಹೊತ್ತು, ಗಾಳಿ, ಧೂಳು, ಕುಡಿಯುವ ನೀರು, ಇವು ಕೂಲಿಯಷ್ಟೇ ಮುಖ್ಯವಾದ ಹಕ್ಕುಗಳೆಂಬ ತಿಳಿವಳಿಕೆ ದೇಶದಲ್ಲಿ ಹೀಗೆ ಬೆಳೆಯಿತು. 1929ರಲ್ಲಿ ನೇಮಕವಾದ ವಿಟ್ಲಿ ಆಯೋಗ ಕಾರ್ಖಾನೆಗಳಲ್ಲಿ ಕಾರ್ಮಿಕಾಧಿಕಾರಿಗಳಿರಬೇಕೆಂದು ಸಲಹೆ ಮಾಡಿತು. 1944ರಲ್ಲಿ ನೇಮಕವಾದ ರೇಗೆ ಸಮಿತಿ ತೊಗಲಿನ ಕಾರ್ಖಾನೆಗಳ ಸ್ಥಿತಿಗತಿಯನ್ನೂ ಪರಿಶೀಲಿಸಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕಾರ್ಖಾನೆಗಳ ಕಾಯಿದೆ ಹುಟ್ಟಿತು. ಆ ಕಾಯಿದೆಯ ಮೂರನೆಯ ಅಧ್ಯಾಯ ಕೆಲಸಗಾರರ ಆರೋಗ್ಯಕ್ಕೆ ಮೀಸಲಾಗಿತ್ತು. ಶುಚಿತ್ವ, ಗಾಳಿ, ಧೂಳು, ಕುಡಿಯುವ ನೀರು, ಶೌಚಗೃಹ ಇವುಗಳ ಸಾಲಿನಲ್ಲಿಯೇ, 12ನೆಯ ವಿಧಿಯಾಗಿ, ಕಾರ್ಖಾನೆಯ ಕಸವನ್ನೂ ಕೊಳೆನೀರನ್ನೂ ನಿರಪಾಯ ಮಾಡಬೇಕೆಂಬ ನಿಯಮವಿತ್ತು. ಇದು ಅರ್ಥಗರ್ಭಿತವಾದುದು. ಹೊರಗೆ ಹರಿಯುವ ಕೊಳೆಯನ್ನು ಕಾಯಿದೆ ಮಾಡಿದವರು ಕೆಲಸಗಾರನ ಆರೋಗ್ಯದ ಅಧ್ಯಾಯದಲ್ಲಿಟ್ಟರು. ಐನೂರು ಅಥವಾ ಅದಕ್ಕೆ ಮೇಲ್ಪಟ್ಟು ಕೆಲಸಗಾರರಿದ್ದೆಡೆ ಕ್ಷೇಮಾಧಿಕಾರಿ ಇರಬೇಕೆಂದು ಅದೇ ಕಾಯಿದೆ ವಿಧಿಸಿತು. ಇಂದಿನ ‘ಎಚ್.ಆರ್.’ ಅಧಿಕಾರಿಯ ಪೂರ್ವಿಕರಲ್ಲಿ ಈತನೊಬ್ಬ. 2020ರಲ್ಲಿ ಸಂಸತ್ತು ಒಪ್ಪಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆ ಆ ಹಳೆಯ ಕಾಯಿದೆಯ ಸ್ಥಾನವನ್ನು ಪಡೆದಿದೆ. ಕ್ಷೇಮಾಧಿಕಾರಿಯ ಏರ್ಪಾಟು ಅದರಲ್ಲಿಯೂ ಮುಂದುವರಿದಿದೆ.

ಕಾಗದದ ಮೇಲೆ ಒಂದಾಗಿದ್ದುದು ಆಚರಣೆಯಲ್ಲಿ ಎರಡಾಯಿತು. ಕೆಲಸಗಾರನ ಹಾಜರಿ, ಕೂಲಿ, ರಜೆ ಒಬ್ಬ ಅಧಿಕಾರಿಯ ಮೇಜಿಗೆ; ಕೊಳೆನೀರು ಯಾರ ಮೇಜಿಗೂ ಇಲ್ಲ. ಜಲಮಾಲಿನ್ಯ ತಡೆಯ ಕಾಯಿದೆ ಬಂದುದು 1974ರಲ್ಲಿ. ತಮಿಳುನಾಡಿನಲ್ಲಿ ಮಾಲಿನ್ಯ ನಿಯಂತ್ರಣ ಮಂಡಲಿ ರಚಿತವಾದುದು 1982ರಲ್ಲಿ. ಅಷ್ಟರಲ್ಲಿ ಪಾಲಾರ್ ನದಿಯ ದಂಡೆಯ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳಲ್ಲಿ ತೊಗಲಿನ ಕಾರ್ಖಾನೆಗಳು ಸಾಲುಗಟ್ಟಿ ನಿಂತಿದ್ದುವು. ಪಾಲಾರ್ ನಮಗೆ ಪರಕೀಯವಾದ ನದಿಯಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರದ ನೆಲವನ್ನು ತೋಯಿಸಿ, ಆಂಧ್ರವನ್ನು ದಾಟಿ, ಚೆನ್ನೈಗೆ ದಕ್ಷಿಣದಲ್ಲಿ ಕಡಲನ್ನು ಸೇರುವ ಹೊಳೆ ಅದು. ಹಾಲಿನ ಹೊಳೆಯೆಂದು ಅದರ ಹೆಸರಿನ ಅರ್ಥ. ಹೆಸರಿಗೆ ತಕ್ಕ ನೀರು ಉಳಿಯಲಿಲ್ಲ. ವೆಲ್ಲೂರಿನ ನಾಗರಿಕರು 1991ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ಬಡಿದಾಗ ಬೆಳಕಿಗೆ ಬಂದ ಸಂಗತಿಗಳು ಭಯಂಕರವಾದುವು. ಒಂದು ಕಿಲೋ ಚರ್ಮಕ್ಕೆ ಸುಮಾರು 35 ಲೀಟರ್ ನೀರು ಕೊಳೆಯಾಗಿ ಹೊರಬೀಳುತ್ತಿತ್ತು. ಕಾರ್ಖಾನೆಗಳ ಸೀಮೆಯಲ್ಲಿ ಸುಮಾರು 35,000 ಹೆಕ್ಟೇರ್ ಭೂಮಿ ಪೂರ್ತಿಯಾಗಿಯೋ ಭಾಗಶಃವೋ ಸಾಗುವಳಿಗೆ ಅಯೋಗ್ಯವಾಗಿತ್ತು. ದಿಂಡಿಗಲ್ ಕಡೆಯ 13 ಹಳ್ಳಿಗಳಲ್ಲಿ ಪರೀಕ್ಷಿಸಿದ 467 ಬಾವಿಗಳ ಪೈಕಿ 350 ಕೆಟ್ಟಿದ್ದುವು.

ಇಂಥ ವ್ಯಾಜ್ಯಗಳಲ್ಲಿ ಮಾಲೀಕರ ವಾದ ಎಂದಿಗೂ ಒಂದೇ: “ಶುದ್ಧೀಕರಣದ ಸ್ಥಾವರ ಕಟ್ಟಲು ನಮ್ಮಲ್ಲಿ ಹಣವಿಲ್ಲ, ಬಲವಂತ ಮಾಡಿದರೆ ಕಾರ್ಖಾನೆ ಮುಚ್ಚುತ್ತದೆ, ಕೆಲಸಗಾರರು ಬೀದಿಪಾಲಾಗುತ್ತಾರೆ.” ಈ ವಾದಕ್ಕೆ ನೇರವಾದ ಉತ್ತರ ಕೊಟ್ಟವರು ಕನ್ನಡಿಗರೊಬ್ಬರೆಂಬುದು ನಮಗೆ ಹೆಮ್ಮೆಯ ವಿಷಯ. ಅವರು ಮಂಡ್ಯ ಜಿಲ್ಲೆಯವರಾದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದವರು. 1987ರ ಸೆಪ್ಟೆಂಬರ್ 22ರಂದು ಕಾನ್ಪುರದ ತೊಗಲಿನ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಅವರು ತೀರ್ಪು ಕೊಟ್ಟರು. ಗಂಗೆಗೆ ಕೊಳೆ ಬಿಡುವ ಕಾರ್ಖಾನೆಯ ಹಣಕಾಸಿನ ಶಕ್ತಿ ಇಲ್ಲಿ ಅಪ್ರಸ್ತುತ ಎಂದರು. ಕನಿಷ್ಠ ಕೂಲಿ ಕೊಡಲಾರದ ಉದ್ಯಮಕ್ಕೆ ಹೇಗೆ ಬದುಕುವ ಹಕ್ಕಿಲ್ಲವೋ, ಪ್ರಾಥಮಿಕ ಶುದ್ಧೀಕರಣವನ್ನು ಮಾಡಲಾರದ ಕಾರ್ಖಾನೆಗೂ ಹಾಗೆಯೇ ಮುಂದುವರಿಯುವ ಹಕ್ಕಿಲ್ಲ, ಇದು ಅವರ ತರ್ಕದ ಸಾರ. ಕೂಲಿ ಕೊಡುವುದೂ ನೀರನ್ನು ಶುಚಿಮಾಡುವುದೂ ಒಂದೇ ತಕ್ಕಡಿಯಲ್ಲಿ ಕುಳಿತುವು. ಕೂಲಿ ಹೇಗೆ ದಾನವಲ್ಲವೋ ಶುದ್ಧೀಕರಣವೂ ದಾನವಲ್ಲ. ಎರಡೂ ಉದ್ಯಮ ನಡೆಸುವವನು ಮೊದಲು ತೀರಿಸಬೇಕಾದ ಋಣ. ಸಾವಿರ ಪುಟದ ಗ್ರಂಥ ಹೇಳಬಹುದಾದುದನ್ನು ಈ ಒಂದು ಹೋಲಿಕೆ ಹೇಳಿಬಿಡುತ್ತದೆ.

ವೆಲ್ಲೂರಿನ ಮೊಕದ್ದಮೆಯ ತೀರ್ಪು ಬಂದುದು 1996ರ ಆಗಸ್ಟ್ 28ರಂದು. ಕೆಡಿಸಿದವನೇ ತೆರಬೇಕು, ಕೆಡುಕು ಸಿದ್ಧವಾಗುವ ಮುನ್ನವೇ ಎಚ್ಚರ ವಹಿಸಬೇಕು ಎಂಬ ಎರಡು ಸೂತ್ರಗಳು ಈ ದೇಶದ ನ್ಯಾಯಕ್ಕೆ ಸೇರಿದುವೆಂದು ನ್ಯಾಯಾಲಯ ಸಾರಿತು. ಕೆಡಿಸಿದ ಪ್ರತಿ ಕಾರ್ಖಾನೆಗೂ 10,000 ರೂಪಾಯಿ ದಂಡ ವಿಧಿಸಿತು. ಕ್ರೋಮ್‌ಪೇಟೆ ಪಲ್ಲಾವರಗಳಿದ್ದ ಚೆಂಗೈ ಜಿಲ್ಲೆಯೂ ಆ ಆಜ್ಞೆಗೆ ಒಳಪಟ್ಟಿತ್ತು. ಮದರಾಸು ಚೆನ್ನೈಯಾದುದೂ, ಪೆರಂಬೂರಿನ ಆ ಹಳೆಯ ಗಿರಣಿಗಳು ಬಾಗಿಲು ಹಾಕಿದುದೂ ಅದೇ ವರ್ಷ. ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಯ ತೊಗಲಿನ ಕಾರ್ಖಾನೆಗಳನ್ನು ಊರಾಚೆಗೆ ಸ್ಥಳಾಂತರಿಸಬೇಕೆಂದು ಆಜ್ಞೆ ಮಾಡಿದಾಗ ನ್ಯಾಯಾಲಯ ಕೆಲಸಗಾರರನ್ನು ಮರೆಯಲಿಲ್ಲ. ಕಾರ್ಖಾನೆ ಮುಚ್ಚಿ ಮತ್ತೆ ತೆರೆಯುವವರೆಗಿನ ಕಾಲವನ್ನು ಸೇವೆಯೆಂದೇ ಎಣಿಸಿ ಪೂರ್ಣ ವೇತನ ಕೊಡಬೇಕು, ಹೊಸ ಜಾಗಕ್ಕೆ ಹೋಗಲೊಪ್ಪಿದವರಿಗೆ ಒಂದು ವರ್ಷದ ವೇತನವನ್ನು ಸ್ಥಳಾಂತರದ ಬೋನಸ್ಸಾಗಿ ಕೊಡಬೇಕು ಎಂದು ವಿಧಿಸಿತು. ಹೊಳೆಯನ್ನು ಉಳಿಸುವ ಖರ್ಚನ್ನು ಕೂಲಿಯವನ ಹೊಟ್ಟೆಯ ಮೇಲೆ ಹಾಕಬಾರದೆಂಬ ಧರ್ಮ ಇದು.

ತೀರ್ಪುಗಳ ಫಲವಾಗಿ ಹಲವು ಕಾರ್ಖಾನೆಗಳು ಸೇರಿ ನಡೆಸುವ ಸಾಮೂಹಿಕ ಶುದ್ಧೀಕರಣದ ಸ್ಥಾವರಗಳು ಎದ್ದುವು. ಅಲ್ಲಿಗೆ ಕಥೆ ಮುಗಿಯಿತೆಂದು ತಿಳಿಯುವಂತಿಲ್ಲ. 2015ರ ಜನವರಿ 31ರ ಬೆಳಗಿನ ಜಾವ ರಾಣಿಪೇಟೆಯಲ್ಲಿ ಅಂಥ ಸ್ಥಾವರವೊಂದರ ಕೊಳೆಯ ತೊಟ್ಟಿಯ ಗೋಡೆ ಕುಸಿಯಿತು. ಹೊಲಸಿನ ಪ್ರವಾಹ ಪಕ್ಕದ ಕಾರ್ಖಾನೆಗೆ ನುಗ್ಗಿ, ಅಲ್ಲಿ ಮಲಗಿದ್ದ ಹತ್ತು ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಹೆಚ್ಚಿನವರು ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಪರಿಸರಕ್ಕೆಂದು ಕಟ್ಟಿದ ತೊಟ್ಟಿಯೇ ಅವರಿಗೆ ಗೋರಿಯಾಯಿತು. ಮಲಗಲು ಬೇರೆ ಮನೆಯಿದ್ದಿದ್ದರೆ ಅವರು ಉಳಿಯುತ್ತಿದ್ದರು. ಕೆಲಸಗಾರನಿಗೆ ವಸತಿ ಒದಗಿಸುವುದು ಸಿಬ್ಬಂದಿ ವಿಭಾಗದ ವಿಷಯ, ತೊಟ್ಟಿಯ ಭದ್ರತೆ ಪರಿಸರ ವಿಭಾಗದ ವಿಷಯ ಎಂದು ಹಂಚಿ ಹಾಕುವವರು ಈ ಹತ್ತು ಸಾವುಗಳನ್ನು ಯಾವ ವಿಭಾಗದ ಲೆಕ್ಕಕ್ಕೆ ಬರೆದುಕೊಳ್ಳುವರು? ಪಾಲಾರಿನ ಗೋಳೂ ತೀರಿಲ್ಲ. 2025ರ ಜನವರಿ 30ರಂದು ಸರ್ವೋಚ್ಚ ನ್ಯಾಯಾಲಯ ಮತ್ತೊಮ್ಮೆ ವೆಲ್ಲೂರು ಸೀಮೆಯ ಮಾಲಿನ್ಯವನ್ನು ಕುರಿತು ತೀರ್ಪಿತ್ತು, ಪರಿಹಾರ ಕೊಡಿಸಲೂ ಮೇಲ್ವಿಚಾರಣೆ ನಡೆಸಲೂ ಆಜ್ಞೆ ಮಾಡಬೇಕಾಯಿತು.

ವಿದ್ಯೆಯ ಕೊರತೆ ನಮಗಿಲ್ಲ. 1948ರಲ್ಲಿ ಅಡಿಗಲ್ಲಿಟ್ಟ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಇದೇ ಚೆನ್ನೈಯ ಅಡಯಾರಿನಲ್ಲಿದೆ. ಸುಣ್ಣ ಸಲ್ಫೈಡುಗಳ ಬದಲು ಕಿಣ್ವಗಳಿಂದ ಕೂದಲು ತೆಗೆಯುವ ಕ್ರಮ, ಉಳಿದ ಕ್ರೋಮನ್ನು ಮರಳಿ ಪಡೆದು ಬಳಸುವ ಕ್ರಮ, ನೀರನ್ನೇ ಬಳಸದೆ ಕ್ರೋಮ್ ಹದ ಕೊಡುವ ಕ್ರಮ, ಇವೆಲ್ಲ ಅಲ್ಲಿನ ವಿಜ್ಞಾನಿಗಳ ಶ್ರಮದಿಂದ ಬಂದುವು. ಆದರೆ ಕ್ರಮವೊಂದು ಪ್ರಯೋಗಶಾಲೆಯಿಂದ ಕಾರ್ಖಾನೆಗೆ ಇಳಿಯಬೇಕಾದರೆ ಉರುಳೆಯನ್ನು ತಿರುಗಿಸುವ ಕೈ ಅದನ್ನು ಕಲಿಯಬೇಕು. ಎಷ್ಟು ಹೊತ್ತು ತಿರುಗಿಸಬೇಕು, ಯಾವ ನೀರನ್ನು ಯಾವ ಕಾಲುವೆಗೆ ಬಿಡಬೇಕು, ಯಾವ ಹೊಂಡಕ್ಕೆ ವಿಷಗಾಳಿಯ ಪರೀಕ್ಷೆಯಿಲ್ಲದೆ ಇಳಿಯಬಾರದು, ಇವನ್ನು ಬಲ್ಲವನು ಕಾಯಂ ಕೆಲಸಗಾರನೇ ಹೊರತು ಇಂದು ಬಂದು ನಾಳೆ ಹೋಗುವ ಗುತ್ತಿಗೆಯ ಕೂಲಿಯಲ್ಲ. ತರಬೇತಿಯ ಖರ್ಚನ್ನು ಉಳಿಸುವವನು ಕ್ರೋಮನ್ನು ಕಳೆಯುತ್ತಾನೆ. ಕ್ರೋಮನ್ನು ಕಳೆಯುವವನು ಹೊಳೆಯನ್ನು ಕೆಡಿಸುತ್ತಾನೆ.

ಇಷ್ಟಕ್ಕೂ ಮೇಲೆ ಇನ್ನೊಂದು ಮಾತುಂಟು. 1984ರ ಭೋಪಾಲದ ದುರಂತದ ತರುವಾಯ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ತಂದು, ಅಪಾಯಕರ ಉದ್ಯಮಗಳಲ್ಲಿ ಕೆಲಸಗಾರರ ಪ್ರತಿನಿಧಿಗಳೂ ಸಮಾನವಾಗಿ ಕೂಡುವ ಸುರಕ್ಷಾ ಸಮಿತಿ ಇರಬೇಕೆಂದೂ, ಸನ್ನಿಹಿತವಾದ ಅಪಾಯವನ್ನು ಕುರಿತು ಎಚ್ಚರಿಸುವ ಹಕ್ಕು ಕೆಲಸಗಾರನಿಗುಂಟೆಂದೂ ಸೇರಿಸಲಾಯಿತು. ಕೊಳವೆ ಸೋರುವುದನ್ನು ಮೊದಲು ಕಾಣುವವನು ಅದರ ಬಳಿ ನಿಂತವನೇ. ಹೇಳಿದರೆ ಕೆಲಸ ಹೋದೀತೆಂಬ ಅಂಜಿಕೆ ಅವನಿಗಿದ್ದರೆ ಎಂಥ ಯಂತ್ರವೂ ಊರನ್ನು ಕಾಯಲಾರದು.

ಇದೆಲ್ಲ ತೊಗಲಿನ ವರ್ತಕರಿಗೆ ಸೇರಿದ ಮಾತು, ನಮಗೇನು ಎಂದು ಓದುಗರು ಕೇಳಬಹುದು. ಈ ನಗರದಲ್ಲಿ ಕನ್ನಡಿಗರು ಹೋಟೆಲುಗಳನ್ನು ಕಟ್ಟಿ ಹೆಸರು ಗಳಿಸಿದವರು. ಉಡುಪಿಯ ಅಡಿಗೆಯ ರುಚಿಯನ್ನು ಇಲ್ಲಿಯವರ ನಾಲಗೆಗೆ ಹಿಡಿಸಿದವರು. ಇಂದು ಬ್ಯಾಂಕು, ಕಾರ್ಖಾನೆ, ಸಾಫ್ಟ್‌ವೇರ್ ಕಚೇರಿಗಳಲ್ಲಿ ನಾಲ್ಕು ಮಂದಿಯ ಮೇಲೆ ಅಧಿಕಾರವುಳ್ಳವರು ನಮ್ಮಲ್ಲಿ ಅನೇಕರು. ಅಡಿಗೆಮನೆಯ ಹೊಗೆಯಲ್ಲಿ ಹತ್ತು ಗಂಟೆ ನಿಲ್ಲುವ ಹುಡುಗನಿಗೆ ಗಾಳಿ ಬೇಕು, ಹಿತ್ತಿಲ ಮೋರಿಗೆ ಸುರಿಯುವ ಎಣ್ಣೆಗೆ ಬೇರೆ ದಾರಿ ಬೇಕು. ಇವೆರಡನ್ನೂ ಒಬ್ಬನೇ ಯಜಮಾನ ಒಂದೇ ಹೊತ್ತಿನಲ್ಲಿ ನೋಡಬಲ್ಲ. ಕಚೇರಿಯ ಬಾಗಿಲಲ್ಲಿ ಗಿಡ ನೆಟ್ಟು ಚಿತ್ರ ತೆಗೆಸಿಕೊಳ್ಳುವುದು ತಪ್ಪಲ್ಲ. ಆದರೆ ಕಸ ಎತ್ತುವವಳಿಗೆ ಕೈಚೀಲ ಕೊಟ್ಟಿದ್ದೇವೆಯೆ, ತೊಟ್ಟಿ ತೊಳೆಯುವವನಿಗೆ ತಕ್ಕ ಕೂಲಿಯುಂಟೆ, ಕಸ ಹೋಗಿ ಬೀಳುವ ಊರು ಯಾವುದು, ಈ ಮೂರು ಪ್ರಶ್ನೆಗಳನ್ನು ಕೇಳದೆ ನೆಟ್ಟ ಗಿಡ ಬಹು ಕಾಲ ಬಾಳಲಾರದು.

ಕನ್ನಡ ನಾಡಿನ ಕೀರ್ತಿಯೆಂದರೆ ಬಾವುಟವೊಂದೇ ಅಲ್ಲ. ಕಾಯಕಕ್ಕೆ ಗೌರವ ಕೊಟ್ಟ ಕಲ್ಯಾಣ, ವಿದ್ಯೆಯನ್ನು ಕರೆದು ಆದರಿಸಿದ ಮೈಸೂರು, ಕೂಲಿಯನ್ನೂ ನೀರನ್ನೂ ಸಮತೂಗಿದ ನ್ಯಾಯಮೂರ್ತಿ, ಈ ಮೂರೂ ನಮ್ಮ ಆಸ್ತಿಯೇ. ಪಾಲಾರು ನಮ್ಮ ಬೆಟ್ಟದಲ್ಲಿ ಹುಟ್ಟಿ ತಮಿಳರ ಹೊಲಕ್ಕೆ ಹರಿಯುವಂತೆ, ಈ ಆಸ್ತಿ ನಾವು ಬಾಳುತ್ತಿರುವ ಊರಿಗೂ ಸಲ್ಲಬೇಕು. ನಮ್ಮ ಕೈಕೆಳಗೆ ದುಡಿಯುವವರ ಉಸಿರೂ ನಮ್ಮ ಹಿತ್ತಿಲ ನೀರೂ ತಿಳಿಯಾಗಿರುವಂತೆ ನಡೆದುಕೊಂಡರೆ, ಅದೇ ನಾವು ಈ ನಗರಕ್ಕೆ ಸಲ್ಲಿಸುವ ರಾಜ್ಯೋತ್ಸವದ ಕಾಣಿಕೆ.